ಶುಕಬಾಧೆಯೂ ಅದರ ನಿವಾರಣೆಯೂ

ಸಸ್ಯಗಳಿಗೆ ಒದಗುವ ಆರು ಬಾಧೆಗಳನ್ನು ನಮ್ಮ ಪ್ರಾಚೀನರು ‘ಈತಿ’ಗಳೆಂದು ಎಣಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ನೆರೆಯ ಅರಸರು ಎಂಬಿವುಗಳ ಸಾಲಿನಲ್ಲಿ ಗಿಳಿಯೂ ಸೇರಿದೆ. ಕಾವ್ಯದಲ್ಲಿ ಮನ್ಮಥನ ವಾಹನವಾಗಿ ಮೆರೆಯುವ ಪಕ್ಷಿಯೇ ಹೊಲದಲ್ಲಿ ಈತಿಯಾಗುವುದು ವಿರೋಧವೆಂದು ತೋರಬಹುದು. ಆದರೆ ಮೆಕ್ಕೆಜೋಳದ ತೆನೆ ಹಾಲುತುಂಬುವ ಕಾಲದಲ್ಲಿ ದಾವಣಗೆರೆಯ ಸೀಮೆಯನ್ನು ಒಮ್ಮೆ ಸಂಚರಿಸಿದವರಿಗೆ ಆ ಸಂದೇಹವು ಉಳಿಯಲಾರದು.

ಭದ್ರಾ ನಾಲೆಯ ಬಯಲಿನಲ್ಲಿ ಬತ್ತಕ್ಕೆ ಗೀಜಗವೂ ಗುಬ್ಬಿಯೂ ಎರಗುವುವು. ದಾವಣಗೆರೆಯ ಅಕ್ಕಿಯ ಗಿರಣಿಗಳಲ್ಲಿಯೂ ಮಂಡಕ್ಕಿ ಭಟ್ಟಿಗಳ ಒಣಗುಕಣಗಳಲ್ಲಿಯೂ ಚೆಲ್ಲಿದ ಕಾಳು ಪಾರಿವಾಳಗಳಿಗೆ ನಿತ್ಯಸತ್ರವಾಗುವುದು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾದಂದಿನಿಂದ ಕೈಗಾರಿಕೆಯ ಊರಾದ ಹರಿಹರದಂಥಲ್ಲಿ ಎತ್ತರದ ಛಾವಣಿಯ ತೊಲೆಗಳು ಅವಕ್ಕೆ ಗಿರಿಗುಹೆಗಳಂತೆಯೇ ಆಶ್ರಯವಾಗುವುವು. ಅವುಗಳ ಹಿಕ್ಕೆಯು ಲೋಹವನ್ನು ತಿನ್ನುವುದು. ಒಣಗಿದ ಅದರ ಧೂಳು ಶ್ವಾಸಕೋಶದ ರೋಗಕ್ಕೆ ಕಾರಣವಾಗುವುದು.

ಇದರ ಪ್ರತೀಕಾರವೇನು? ಹಳಗನ್ನಡದ ‘ಸೋವು’ ಎಂಬ ಧಾತುವಿಗೆ ಅಟ್ಟು, ಓಡಿಸು ಎಂದರ್ಥವೇ ಹೊರತು ಕೊಲ್ಲು ಎಂದಲ್ಲ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಶಾಲಿಗೋಪಿಯರು ಕಬ್ಬಿನ ನೆರಳಿನಲ್ಲಿ ಕುಳಿತು ರಘುವಿನ ಯಶಸ್ಸನ್ನು ಹಾಡುವರು. ಆ ಗಾನವು ಕಾವಲಿಗೂ ಒದಗುವುದು. ಏಕೆಂದರೆ ಮನುಷ್ಯನ ಸನ್ನಿಧಾನದಷ್ಟು ಪಕ್ಷಿಯನ್ನು ಬೆದರಿಸುವುದು ಬೇರೆ ಇಲ್ಲ. ಬೆದರುಬೊಂಬೆಯಾಗಲಿ ಸದ್ದುಮಾಡುವ ಯಂತ್ರವಾಗಲಿ ಒಂದೇ ಎಡೆಯಲ್ಲಿ ಒಂದೇ ರೀತಿಯಾಗಿದ್ದರೆ, ಕೆಲವು ದಿನಗಳಲ್ಲಿಯೇ ಹಕ್ಕಿಗಳು ಅದರ ಪೊಳ್ಳುತನವನ್ನು ತಿಳಿದುಕೊಳ್ಳುವುವು. ಒಂದು ಮೈ ಕೆಂಪು, ಒಂದು ಮೈ ಬೆಳ್ಳಿಯ ಬಣ್ಣವಾದ ಹೊಳೆಯುವ ಪಟ್ಟಿಯನ್ನು ತಿರುಚಿ ಬೆಳೆಯ ಮೇಲೆ ಕಟ್ಟುವುದು ಕೆಲವು ಕಾಲ ಫಲಿಸುವುದು. ಗಿಳಿಗಳು ಹೆಚ್ಚಾಗಿ ಹೊಲದ ಅಂಚಿಗೆ ಎರಗುವುದರಿಂದ, ಅಂಚಿನ ಸಾಲುಗಳ ತೆನೆಗಳನ್ನು ಆ ಗಿಡದ ಎಲೆಗಳಿಂದಲೇ ಸುತ್ತಿ ಮುಚ್ಚುವುದು ಸುಲಭೋಪಾಯ. ಗಿರಣಿಗಳಲ್ಲಿಯಾದರೋ ಕಿಂಡಿಗಳಿಗೆ ಬಲೆ ಕಟ್ಟುವುದು, ಕೂರುವ ಅಂಚುಗಳನ್ನು ಇಳಿಜಾರುಮಾಡುವುದು, ಎಲ್ಲಕ್ಕೂ ಮೊದಲು ಚೆಲ್ಲಿದ ಕಾಳನ್ನು ಅಂದಂದೇ ಗುಡಿಸುವುದು—ಇವೇ ಮುಖ್ಯ. ಸತ್ರವನ್ನು ತೆರೆದಿಟ್ಟು ಅತಿಥಿಗಳನ್ನು ಬೈದು ಫಲವೇನು?

ವಧೆಯಿಂದ ಆಗುವ ಹಾನಿಗೆ ಚೀನಾದೇಶವೇ ನಿದರ್ಶನ. 1958ರಲ್ಲಿ ಅಲ್ಲಿ ಗುಬ್ಬಿಗಳ ಸಂಹಾರಕ್ಕೆ ತೊಡಗಿದರು. ಗುಬ್ಬಿಯು ಕಾಳು ತಿನ್ನುವುದಾದರೂ ಮರಿಗಳಿಗೆ ಹುಳುಗಳನ್ನು ಉಣಿಸುವುದು. ಗುಬ್ಬಿಯಳಿಯಲು ಕೀಟಗಳು ಬೆಳೆದುವು; 1960ರಲ್ಲಿ ಅದನ್ನು ಶತ್ರುಗಳ ಪಟ್ಟಿಯಿಂದ ತೆಗೆಯಬೇಕಾಯಿತು. ಒಂದು ಈತಿಯನ್ನು ಕೊಂದು ಮತ್ತೊಂದನ್ನು ಕರೆದಂತಾಯಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಗಿಳಿಗೆ ರಕ್ಷಣೆಯನ್ನಿತ್ತಿದೆ.

ಆದುದರಿಂದ ರೈತನ ನಷ್ಟವು ಅಲ್ಪವೆಂದು ನಾವು ಹೇಳುವುದಿಲ್ಲ; ತಿಂಗಳುಗಳ ದುಡಿಮೆಯು ತೆನೆಯಲ್ಲಿಯೇ ಬರಿದಾಗುವುದನ್ನು ಕಂಡವನ ಕೋಪವು ಸಹಜವಾದುದೇ. ಆದರೆ ಆ ಕೋಪಕ್ಕೆ ತಕ್ಕ ಕ್ರಿಯಾಪದವನ್ನು ನಮ್ಮ ಹಿರಿಯರು ಆಗಲೇ ಆರಿಸಿಟ್ಟಿರುವರು. ಅದು ‘ಸೋವು’ ಎಂಬುದೇ ನಮ್ಮ ವಿಜ್ಞಾಪನೆ.