ಕೊಡೇಕಲ್ ಕಾಲಜ್ಞಾನ ‘ನಿಜವಾಯಿತು’ ಎಂಬ ಫಾರ್ವರ್ಡ್: ಹಳೆಯ ರೋಮನ್ ಕಾವ್ಯವೊಂದರ ಜೊತೆ ಇಟ್ಟು ನೋಡೋಣ

ಕೃಷ್ಣೆಗೆ ಪ್ರವಾಹ ಬಂದರೆ, ಸರ್ಕಾರ ಬಿದ್ದರೆ, ಹೊಸ ಜ್ವರದ ಸುದ್ದಿ ಬಂದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಲಜ್ಞಾನ ಎದ್ದು ಕೂರುತ್ತದೆ. ‘ಶರಣರು ಐನೂರು ವರ್ಷದ ಹಿಂದೆಯೇ ಹೇಳಿದ್ದರು, ಈಗ ನಿಜವಾಯಿತು, ಎಲ್ಲರಿಗೂ ಕಳಿಸಿ’ ಎಂಬ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ಹಾಗೆ ಎಳೆದು ತರುವ ಹೆಸರುಗಳಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್ ಕೂಡ ಒಂದು.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಕೊಡೇಕಲ್ ಬಸವಣ್ಣನೂ 12ನೆಯ ಶತಮಾನದ ಕಲ್ಯಾಣದ ಬಸವಣ್ಣನೂ ಒಬ್ಬರಲ್ಲ. ಕೊಡೇಕಲ್ ಬಸವಣ್ಣ ಬಾಳಿದ್ದು ಅದಕ್ಕೂ ಮುನ್ನೂರು ವರ್ಷಕ್ಕಿಂತ ಈಚೆಗೆ, ಬಹಮನಿ ರಾಜ್ಯ ಒಡೆದು ಐದಾಗಿ, ರಾಯಚೂರು ಸೀಮೆಗಾಗಿ ವಿಜಯನಗರಕ್ಕೂ ಬಿಜಾಪುರಕ್ಕೂ ಮತ್ತೆ ಮತ್ತೆ ಯುದ್ಧ ನಡೆಯುತ್ತಿದ್ದ ಕಾಲದ ಸುಮಾರಿನಲ್ಲಿ. ಅವನ ಪರಂಪರೆಯ ಕಾಲಜ್ಞಾನ ಸಾಹಿತ್ಯಕ್ಕೆ ‘ಅಮರಗನ್ನಡ’ ಎಂಬ ಬೇರೆಯೇ ಲಿಪಿ ಇದೆ. ನಾವು ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರ ಗೊತ್ತಿದ್ದರೆ ಅದನ್ನು ಓದಲು ಬರುವುದಿಲ್ಲ. ಮೂಲವನ್ನು ಓದಬಲ್ಲವರು ಕಡಿಮೆ ಇದ್ದಾಗ, ‘ಅದರಲ್ಲಿ ಹೀಗಿದೆ’ ಎಂದು ಯಾರು ಬೇಕಾದರೂ ಹೇಳಬಹುದು. ಫಾರ್ವರ್ಡ್ ಮಾಡುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಭವಿಷ್ಯ ಹೇಳುವ ಕಾವ್ಯಗಳು ಬೇರೆ ನಾಡುಗಳಲ್ಲೂ ಇವೆ. ಅವು ಹೇಗೆ ‘ನಿಜವಾಗುತ್ತವೆ’ ಎಂದು ತಿಳಿಯಲು ರೋಮಿನ ಒಂದು ಕಾವ್ಯ ಒಳ್ಳೆಯ ಉದಾಹರಣೆ. ಏಕೆಂದರೆ ಅದನ್ನು ಬರೆದವನು ಯಾರು, ಯಾವಾಗ ಬರೆದ ಎಂಬುದು ನಮಗೆ ಸರಿಯಾಗಿ ಗೊತ್ತಿದೆ.

ಸತ್ತ ತಂದೆ ಹೇಳಿದ ಭವಿಷ್ಯ

ಕವಿ ವರ್ಜಿಲ್, ಕ್ರಿ.ಪೂ. 70ರಲ್ಲಿ ಹುಟ್ಟಿ 19ರಲ್ಲಿ ತೀರಿಕೊಂಡವನು. ಲ್ಯಾಟಿನ್ ಭಾಷೆಯಲ್ಲಿ ಅವನು ಬರೆದ ‘ಈನಿಯಡ್’ 12 ಭಾಗಗಳ, ಹತ್ತಿರ ಹತ್ತಿರ 10,000 ಸಾಲುಗಳ ಪುರಾಣಕಾವ್ಯ. ಟ್ರಾಯ್ ಪಟ್ಟಣ ಸುಟ್ಟುಹೋದಾಗ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಹೊರಬಿದ್ದ ಈನಿಯಾಸ್, ಸಮುದ್ರ ಅಲೆದು ಇಟಲಿ ಸೇರುತ್ತಾನೆ. ಮುಂದೆ ರೋಮ್ ಕಟ್ಟುವುದು ಅವನ ವಂಶ.

ಆರನೆಯ ಭಾಗದಲ್ಲಿ ಅವನು ಸತ್ತವರ ಲೋಕಕ್ಕೆ ಇಳಿಯುತ್ತಾನೆ. ಅಷ್ಟರಲ್ಲಿ ತೀರಿಕೊಂಡಿದ್ದ ತಂದೆ ಅಲ್ಲಿ ಸಿಕ್ಕು, ಇನ್ನೂ ಹುಟ್ಟದ ಜೀವಗಳ ಸಾಲನ್ನು ತೋರಿಸುತ್ತಾನೆ: ಇವನು ರೋಮ್ ಕಟ್ಟುವವನು, ಇವನು ಸೀಸರ್, ಇವನು ಅಗಸ್ಟಸ್, ಅಗೋ ಆ ಹುಡುಗ ಮಾರ್ಸೆಲಸ್, ಚಿಕ್ಕ ವಯಸ್ಸಿಗೇ ಸಾಯುವವನು. ಸಾವಿರ ವರ್ಷ ಮುಂದಿನದನ್ನು ಹೆಸರು ಸಮೇತ ಹೇಳಿದನಲ್ಲ! ಆದರೆ ಅಗಸ್ಟಸ್ ಚಕ್ರವರ್ತಿಯ ಅಕ್ಕನ ಮಗ ಮಾರ್ಸೆಲಸ್ ಸತ್ತದ್ದು ಕ್ರಿ.ಪೂ. 23ರಲ್ಲಿ, ವರ್ಜಿಲ್ ಇನ್ನೂ ಕಾವ್ಯ ಬರೆಯುತ್ತಿದ್ದಾಗ. ಕವಿ ತನ್ನ ಕಣ್ಣೆದುರು ಆಗಿಹೋದದ್ದನ್ನೇ ಹಳೆಗಾಲದ ಪಾತ್ರವೊಂದರ ಬಾಯಲ್ಲಿ ‘ಮುಂದೆ ಆಗುವುದು’ ಎಂದು ಹೇಳಿಸಿದ್ದ. ಅಂದಿನ ಓದುಗರಿಗೂ ಇದು ಗೊತ್ತಿತ್ತು, ಯಾರೂ ಇದನ್ನು ಮೋಸ ಎನ್ನಲಿಲ್ಲ. ಅದು ಕಾವ್ಯದ ಒಂದು ಬಗೆ, ಅಷ್ಟೇ.

ಅದೇ ಕಾವ್ಯದಲ್ಲಿ ನಿಜಕ್ಕೂ ಕವಿಯ ಕಾಲ ದಾಟಿದ ಒಂದು ಮಾತಿದೆ. ರೋಮಿಗೆ ಕೊನೆಯೇ ಇರದು ಎಂದು ದೇವರಾಜ ಜುಪಿಟರ್ ವರ ಕೊಡುತ್ತಾನೆ. ರೋಮಿನ ಪಶ್ಚಿಮ ಸಾಮ್ರಾಜ್ಯ 476ರಲ್ಲಿ ಮುಗಿಯಿತು. ಆಗಿಹೋದದ್ದರ ಬಗ್ಗೆ ತಪ್ಪಿಲ್ಲದ ಭವಿಷ್ಯ, ಆಗಬೇಕಾದದ್ದರ ಬಗ್ಗೆ ಹುಸಿ.

ನಮ್ಮಲ್ಲೂ ಇದೇ ಲೆಕ್ಕ. ಗುಪ್ತರವರೆಗಿನ ರಾಜರ ಪಟ್ಟಿಯನ್ನು ಪುರಾಣಗಳು ‘ಆಳುವರು’ ಎಂದು ಭವಿಷ್ಯದ ರೂಪದಲ್ಲಿ ಕೊಡುತ್ತವೆ, ಆಮೇಲೆ ಪಟ್ಟಿ ಮಸುಕಾಗುತ್ತದೆ. ವಿಜಯನಗರದ ಅರಸರ ಕತೆ ಹೇಳುವ ‘ವಿದ್ಯಾರಣ್ಯ ಕಾಲಜ್ಞಾನ’ 14ನೆಯ ಶತಮಾನದ ಯತಿಯ ಹೆಸರಿನಲ್ಲಿದ್ದರೂ ಅದನ್ನು ವಿದ್ವಾಂಸರು ಇಡುವುದು 16ನೆಯ ಶತಮಾನದಲ್ಲಿ.

ಬೇಕಾದ ಸಾಲು ಸಿಕ್ಕೇ ಸಿಗುತ್ತದೆ

ವರ್ಜಿಲ್ ಸತ್ತ ಮೇಲೆ ಅವನ ಕಾವ್ಯಕ್ಕೆ ಇನ್ನೊಂದು ಬಾಳು ಬಂತು. ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳಿಗೆ ಸಿಕ್ಕ ಸಾಲನ್ನೇ ತನ್ನ ಭವಿಷ್ಯ ಎಂದು ಓದುವ ರೂಢಿ. ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ ರಾಜ ಯುದ್ಧದ ನಡುವೆ ಆಕ್ಸ್‌ಫರ್ಡಿನಲ್ಲಿ ಹೀಗೆ ತೆರೆದನಂತೆ. ಸಿಕ್ಕದ್ದು, ಈನಿಯಾಸ್ ಕೈಬಿಟ್ಟುಹೋದ ರಾಣಿ ಡೈಡೊ ಅವನಿಗೆ ಹಾಕಿದ ಘೋರ ಶಾಪ. 1649ರಲ್ಲಿ ಚಾರ್ಲ್ಸನ ತಲೆ ಕಡಿದರು. ಮೈ ಜುಮ್ಮೆನ್ನುವ ಕತೆ. ಆದರೆ ಈ ಕತೆ ಬರಹಕ್ಕಿಳಿದದ್ದು ಅವನ ತಲೆ ಹೋದ ಮೇಲೆ. ಅಲ್ಲದೆ ಯುದ್ಧ, ಸಾವು, ಗಡಿಪಾರು, ಶಾಪಗಳಿಂದ ತುಂಬಿದ 10,000 ಸಾಲುಗಳಲ್ಲಿ ಸೋಲುತ್ತಿರುವ ರಾಜನೊಬ್ಬನಿಗೆ ಹೊಂದದ ಪುಟ ಎಷ್ಟಿದ್ದೀತು? ಹೀಗೆ ತೆರೆದು ನೋಡಿ ಏನೂ ಹೊಂದದೆ ಪುಸ್ತಕ ಮುಚ್ಚಿಟ್ಟವರ ಕತೆಯನ್ನು ಯಾರೂ ಬರೆದಿಡುವುದಿಲ್ಲ.

ನಮ್ಮ ಮೈಲಾರದ ಕಾರ್ಣಿಕವನ್ನೇ ನೋಡಿ. ಬಿಲ್ಲೇರಿದ ಗೊರವಪ್ಪ ‘ಸದ್ದಲೇ’ ಎಂದು ಜನಸಾಗರವನ್ನು ಸುಮ್ಮನಾಗಿಸಿ ನುಡಿಯುವುದು ಒಂದೇ ಸಾಲು. ಮರುದಿನ ಅದೇ ಸಾಲನ್ನು ರೈತರು ಮಳೆಗೆ, ವ್ಯಾಪಾರಿಗಳು ದರಕ್ಕೆ, ಪತ್ರಿಕೆಗಳು ಮುಖ್ಯಮಂತ್ರಿ ಕುರ್ಚಿಗೆ ಹೊಂದಿಸುತ್ತಾರೆ. ಭಕ್ತಿಯ ಮಾತು ಬೇರೆ, ಅದನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಯಾವುದಕ್ಕೂ ಹೊಂದುವ ಮಾತು ಯಾವುದನ್ನೂ ಮೊದಲೇ ತಿಳಿಸಿದಂತಾಗುವುದಿಲ್ಲ.

ಇನ್ನು ಮೊಬೈಲ್ ಕಾಲದ್ದು ಇನ್ನೂ ಸುಲಭ: ಸಾಲನ್ನೇ ಹೊಸದಾಗಿ ಬರೆಯುವುದು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಉರುಳಿದಾಗ, 16ನೆಯ ಶತಮಾನದ ನಾಸ್ಟ್ರಡಾಮಸ್ ಹೇಳಿದ್ದೆಂದು ಒಂದು ಪದ್ಯ ಇಮೇಲ್‌ಗಳಲ್ಲಿ ಹರಿದಾಡಿತು. ಅದನ್ನು ಬರೆದಿದ್ದವನು ಕೆನಡಾದ ಒಬ್ಬ ವಿದ್ಯಾರ್ಥಿ, ಅದೂ ದಾಳಿಗೆ ಕೆಲವು ವರ್ಷ ಮೊದಲು. ಅಸ್ಪಷ್ಟವಾಗಿ ಬರೆದರೆ ಏನು ಬೇಕಾದರೂ ಭವಿಷ್ಯವಾಗುತ್ತದೆ ಎಂದು ತೋರಿಸಲೆಂದೇ ಬರೆದದ್ದು!

ಕೊರೊನಾ ಕಾಲದಲ್ಲಿ ಆದದ್ದು

2020ರಲ್ಲಿ ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳದೆಂದು ಹೇಳಿದ ಒಂದು ತೆಲುಗು ಪದ್ಯ ಗಡಿ ದಾಟಿ ನಮ್ಮ ಗುಂಪುಗಳಿಗೂ ಬಂತು. ಅದರಲ್ಲಿದ್ದ ‘ಕೋರಂಕಿ’ ಎಂಬ ರೋಗದ ಹೆಸರೇ ಕೊರೊನಾ ಎಂದರು. ‘ಕೊರೊನಾ’ ಕಿರೀಟ ಎಂಬ ಅರ್ಥದ ಲ್ಯಾಟಿನ್ ಪದ. ಸೂಕ್ಷ್ಮದರ್ಶಕದಲ್ಲಿ ಕಂಡ ಆಕಾರ ನೋಡಿ ವಿಜ್ಞಾನಿಗಳು ಈ ಜಾತಿಯ ವೈರಸ್‌ಗಳಿಗೆ ಆ ಹೆಸರಿಟ್ಟದ್ದು 1968ರಲ್ಲಿ. ‘ಕೋರಂಕಿ’ಗೂ ಅದಕ್ಕೂ ಇರುವ ನಂಟು ಎರಡೂ ‘ಕ’ಕಾರದಿಂದ ಶುರುವಾಗುತ್ತವೆ ಎಂಬುದಕ್ಕಿಂತ ಹೆಚ್ಚಿನದಲ್ಲ.

ನಗುವ ವಿಷಯ ಎನಿಸಬಹುದು. ಆದರೆ ‘ಎಲ್ಲ ಮೊದಲೇ ಬರೆದಿದೆ’ ಎಂದು ನಂಬಿದವರಿಗೆ ಮಾಸ್ಕ್, ಲಸಿಕೆ, ಆಸ್ಪತ್ರೆ ಎಲ್ಲವೂ ದಂಡ ಎನಿಸುವುದು ಸಹಜ. ಹೀಗೆ ತಡಮಾಡಿದ ಎರಡು ದಿನಕ್ಕೆ ಉಸಿರೇ ಬೆಲೆಯಾಗಬಹುದು. ಇನ್ನೊಂದು ಅಪಾಯ, ಕಾಲಜ್ಞಾನದ ಹೆಸರಿನಲ್ಲಿ ಒಂದು ಸಮುದಾಯದ ಮೇಲೆ ದ್ವೇಷ ಹಚ್ಚುವ ಸಾಲುಗಳು. ಕೊಡೇಕಲ್ ಬಸವಣ್ಣ, ಪಕ್ಕದ ತಿಂಥಣಿಯ ಮೌನೇಶ್ವರ, ಇಬ್ಬರ ಪರಂಪರೆಯೂ ಹಿಂದೂ ಮುಸ್ಲಿಮರು ಕೂಡಿ ನಡೆದುಕೊಳ್ಳುವಂಥದ್ದು. ಅಂಥ ಊರಿನ ಹೆಸರಿನಲ್ಲಿ ದ್ವೇಷದ ಮಾತು ಬಂದರೆ, ಅದನ್ನು ಅನುಮಾನಿಸಲು ಬೇರೆ ಕಾರಣವೇ ಬೇಡ.

ಹಾಗಾದರೆ ಈ ಕಾವ್ಯಗಳಿಗೆ ಶಕ್ತಿಯೇ ಇಲ್ಲವೇ? ಇದೆ, ಆದರೆ ಫಾರ್ವರ್ಡ್‌ನಲ್ಲಿ ಹೇಳುವ ಬಗೆಯದಲ್ಲ. ವರ್ಜಿಲ್ ಸತ್ತು 1,300 ವರ್ಷವಾದ ಮೇಲೆ ಇಟಲಿಯ ಡಾಂಟೆ ನರಕದ ದಾರಿ ತೋರಿಸಲು ಅವನನ್ನೇ ತನ್ನ ಕಾವ್ಯದೊಳಗೆ ಕರೆದುಕೊಂಡ. ಕೊಡೇಕಲ್‌ನಿಂದ ನೂರಾರು ಕಿಲೋಮೀಟರ್ ದೂರದ ಮಂಡ್ಯ, ಚಾಮರಾಜನಗರದ ಕಡೆ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಇಂದಿಗೂ ಕೊಡೇಕಲ್ ಬರುತ್ತದೆ. ಅಚ್ಚು, ಮೊಬೈಲ್ ಯಾವುದರ ಹಂಗೂ ಇಲ್ಲದೆ ಒಂದು ಊರಿನ ಹೆಸರು ಅಷ್ಟು ದೂರ ನಡೆದದ್ದು ಹಾಡಿನ ಬಲದಿಂದ.

ಮುಂದಿನ ಸಲ ‘ಕಾಲಜ್ಞಾನ ನಿಜವಾಯಿತು’ ಎಂದು ಬಂದರೆ ಕಳಿಸಿದವರನ್ನು ಕೇಳಿ: ಯಾವ ಪುಸ್ತಕ, ಯಾರು ಸಂಪಾದಿಸಿದ್ದು, ಎಷ್ಟನೆಯ ಪುಟ? ಘಟನೆ ನಡೆಯುವ ಮೊದಲೇ ಅಚ್ಚಾದ ಪ್ರತಿಯಲ್ಲಿ ಆ ಸಾಲು ಇದೆಯೇ? ಉತ್ತರ ಬರುವತನಕ ಫಾರ್ವರ್ಡ್ ಬಟನ್ ಒತ್ತಬೇಡಿ.