ಕೂಸಿನ ಕೈಗೆ ಏನು ಕೊಡೋಣ?

ತರೀಕೆರೆಯ ನಮ್ಮ ಮನೆಗೆ ಬಂದ ಪ್ಲಾಸ್ಟಿಕ್ ಗಿಲಕಿ ಎರಡು ದಿನ ಬಾಳಿತು. ಮೂರನೆಯ ದಿನ ಅದು ಬಿರಿದು, ಒಳಗಿನ ಮಣಿಯೊಂದು ಒಂಬತ್ತು ತಿಂಗಳ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡಿತು. ಅಳು ಹೊರಡದು, ತುಟಿ ನೀಲಿಗಟ್ಟುತ್ತಿದೆ! ನೆರೆಮನೆಯ ದಾದಿ ಓಡಿಬಂದವರೇ ಮಗುವನ್ನು ಮುಂಗೈಯ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಹಿಡಿದು, ಹೆಗಲುಗಳ ನಡುವೆ ಅಂಗೈಯ ಬುಡದಿಂದ ಬಲವಾಗಿ ತಟ್ಟಿದರು. ನಾಲ್ಕನೆಯ ಏಟಿಗೆ ಮಣಿ ಹೊರಬಿತ್ತು. ನನ್ನ ಕೈಕಾಲಿನ ನಡುಕ ಮಾತ್ರ ಸಂಜೆಯವರೆಗೂ ನಿಲ್ಲಲಿಲ್ಲ.

ಅಂದಿನಿಂದ ಬಣ್ಣಕ್ಕೆ ಮರುಳಾಗದೆ, ಎಳೆದು ಅಲುಗಿಸಿ ನೋಡಿಯೇ ಕೊಳ್ಳುತ್ತೇನೆ. ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಇಳಿಯುವಂಥ ಚೂರು ಮೂರು ವರ್ಷದೊಳಗಿನ ಮಕ್ಕಳಿಗೆ ಅಪಾಯಕರ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿಯುಂಟು.

ಕಡೂರಿನ ನಮ್ಮ ಅತ್ತಿಗೆಯದು ಚನ್ನಪಟ್ಟಣದ ಪಕ್ಷ. ಆಲೆಮರದ ತುಂಡು ಕಡೆಯುವ ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಅಂಚು ನುಣುಪು, ಕಚ್ಚಿದರೂ ಸುಲಭವಾಗಿ ಸಿಡಿಯದು. ಆದರೆ ಬಣ್ಣ ಸಸ್ಯಮೂಲದ್ದೇ ಎಂದು ಅಲ್ಲಿಯೂ ಕೇಳಿಯೇ ಕೊಳ್ಳಬೇಕು. ಅತ್ತಿಗೆ ಇದನ್ನು ಒಪ್ಪುವುದಿಲ್ಲ!

ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಅಲ್ಲಿನ ನಮ್ಮ ತಾತ ಅದೇ ತಳಿಯ ನೀಳ ಕೊಂಬಿನ ಎತ್ತೊಂದನ್ನು ಜೇಡಿಮಣ್ಣಿನಲ್ಲಿ ಮಾಡಿ ಕಳುಹಿಸಿದರು. ಎಷ್ಟು ಚೆಂದ! ಮೊದಲ ಗಳಿಗೆಯಲ್ಲೇ ಕೊಂಬು ಮಗುವಿನ ಬಾಯಿಗೆ ಹೋಯಿತು. ಈಗ ಎತ್ತು ಗೋಡೆಯ ಗೂಡಿನಲ್ಲಿದೆ. ಮಗು ಕೆಳಗೆ ಕುಳಿತು ಕೈಚಾಚಿ "ಅಂಬಾ" ಎನ್ನುತ್ತದೆ.