ಮನೆಯೊಳಗಿನ ಪುಟ್ಟ ಸಂತರು
ಪ್ರೊವಾನ್ಸಿನ ಮಣ್ಣಿನ ಮೂರ್ತಿಗಳ ಎರಡು ಶತಮಾನಗಳ ವಹಿವಾಟು

ಸರಕು ಚಿಕ್ಕದೆಂಬ ಕಾರಣಕ್ಕೆ ಅದರ ಮಾರುಕಟ್ಟೆಯೂ ಚಿಕ್ಕದಾಗಿರಬೇಕೆಂದಿಲ್ಲ. ಬೆರಳುದ್ದದ ಮಣ್ಣಿನ ಮೂರ್ತಿಯೊಂದು ಎರಡು ಶತಮಾನಗಳಿಗೂ ಮಿಕ್ಕಿ ಒಂದು ಪ್ರಾಂತದ ಕುಶಲಕರ್ಮಿಗಳ ಜೀವನಾಧಾರವಾಗಿ ಉಳಿದಿರುವುದನ್ನು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸಿನಲ್ಲಿ ಕಾಣಬಹುದು. ಬಣ್ಣ ಬಳಿದ ಈ ಮೂರ್ತಿಗಳಿಗೆ ಅಲ್ಲಿ ‘ಸಾಂತೊನ್’ ಎಂದು ಹೆಸರು; ಪ್ರೊವಾನ್ಸಿನ ನುಡಿಯಲ್ಲಿ ‘ಪುಟ್ಟ ಸಂತ’ ಎಂದರ್ಥ. ಕ್ರಿಸ್‌ಮಸ್ ಕಾಲದಲ್ಲಿ ಮನೆಯ ಮೂಲೆಯೊಂದರಲ್ಲಿ ಏಸುವಿನ ಜನನದೃಶ್ಯವನ್ನು, ಅಂದರೆ ಗೋದಲಿಯನ್ನು, ಅಣಿಗೊಳಿಸಲು ಇವು ಬಳಕೆಯಾಗುತ್ತವೆ.

ಮುಚ್ಚಿದ ಬಾಗಿಲು, ತೆರೆದ ಮಾರುಕಟ್ಟೆ

1789ರ ಫ್ರೆಂಚ್ ಮಹಾಕ್ರಾಂತಿಯ ಬಳಿಕ, ವಿಶೇಷವಾಗಿ 1793–94ರಲ್ಲಿ, ಆ ದೇಶದ ಅನೇಕ ಚರ್ಚುಗಳ ಬಾಗಿಲು ಮುಚ್ಚಿತು. ಚರ್ಚುಗಳಲ್ಲಿ ಗೋದಲಿಯನ್ನು ನೋಡುವ ಅವಕಾಶವಿಲ್ಲದಾದಾಗ ಭಕ್ತರು ಅದನ್ನು ಮನೆಯೊಳಗೇ ಕಟ್ಟಿಕೊಳ್ಳತೊಡಗಿದರು. ಆದರೆ ಮರ, ಮೇಣ ಮೊದಲಾದವುಗಳಿಂದ ಮಾಡಿದ ಮೂರ್ತಿಗಳು ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. ಮಾರ್ಸೇಲ್ ನಗರದ ಶಿಲ್ಪಿ ಝಾಂ-ಲೂಯಿ ಲಾನ್ಯೆಲ್ (1764–1822) ಈ ಕೊರತೆಯನ್ನು ಗುರುತಿಸಿದನು. ಗಾರೆಯ ಅಚ್ಚಿನಲ್ಲಿ ಜೇಡಿಮಣ್ಣನ್ನು ಒತ್ತಿ, ಒಣಗಿಸಿ, ಬಣ್ಣ ಬಳಿದು, ಒಂದೇ ಅಚ್ಚಿನಿಂದ ಅನೇಕ ಮೂರ್ತಿಗಳನ್ನು ಅಗ್ಗವಾಗಿ ತಯಾರಿಸಿದನು. 1801ರಲ್ಲಿ ನೆಪೋಲಿಯನ್ ಹಾಗೂ ಪೋಪರ ನಡುವೆ ಒಪ್ಪಂದವಾಗಿ ಸಾರ್ವಜನಿಕ ಆರಾಧನೆಗೆ ಮತ್ತೆ ಅವಕಾಶ ದೊರೆತರೂ ಮನೆಯ ಗೋದಲಿ ಮರೆಯಾಗಲಿಲ್ಲ. 1803ರಲ್ಲಿ ಮಾರ್ಸೇಲಿನಲ್ಲಿ ಈ ಮೂರ್ತಿಗಳ ಮೊದಲ ಜಾತ್ರೆ ನೆರೆಯಿತು. ವರ್ಷಾಂತ್ಯದ ಆ ಜಾತ್ರೆಯ ಸಂಪ್ರದಾಯ ಇಂದಿಗೂ ಮುಂದುವರಿದಿದೆ.

ಅಚ್ಚು, ಆವಿಗೆ, ಕುಂಚ

ಆರಂಭದ ಮೂರ್ತಿಗಳು ಸುಡದ ಹಸಿಮಣ್ಣಿನವು. ನೀರು ತಾಗಿದರೆ ಕರಗುವ, ಕೈತಪ್ಪಿದರೆ ಪುಡಿಯಾಗುವ ಸರಕು ಅದು. ಮಾರ್ಸೇಲಿಗೆ ಸಮೀಪದ ಓಬಾನ್ಯ ಪಟ್ಟಣವು ಉತ್ತಮ ಜೇಡಿಮಣ್ಣಿಗೆ ಹೆಸರಾಗಿದ್ದು, ಅಲ್ಲಿನ ತೆರೇಸ್ ನವೂ (1866–1946) ಎಂಬ ಶಿಲ್ಪಿ ಮಣ್ಣನ್ನು ಆವಿಗೆಯಲ್ಲಿ ಸುಡುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಪ್ರಮುಖಳು. ಮೂಲಮೂರ್ತಿಯನ್ನು ಶಿಲ್ಪಿಯು ರೂಪಿಸಿದ ಮೇಲೆ ಎರಡು ಹೋಳುಗಳ ಅಚ್ಚು ಸಿದ್ಧವಾಗುತ್ತದೆ. ಅಚ್ಚಿನಿಂದ ತೆಗೆದ ಮೂರ್ತಿಯ ಅಂಚಿನ ಹೆಚ್ಚುವರಿ ಮಣ್ಣನ್ನು ಹೆರೆದು, ಒಣಗಿಸಿ, ಸುಟ್ಟು, ಕೊನೆಗೆ ಕೈಯಿಂದಲೇ ಬಣ್ಣ ಹಚ್ಚಲಾಗುತ್ತದೆ. ಅಚ್ಚು ಬೆಲೆಯನ್ನು ಇಳಿಸಿದರೆ, ಕುಂಚವು ಪ್ರತಿಯೊಂದು ಮೂರ್ತಿಗೂ ಅದರದೇ ಮುಖವನ್ನು ನೀಡುತ್ತದೆ.

ವರ್ಷಕ್ಕೊಂದು ಮೂರ್ತಿ

ಈ ವ್ಯಾಪಾರದ ನಿಜವಾದ ಬಂಡವಾಳ ಗ್ರಾಹಕರ ವಾಡಿಕೆಯೇ ಆಗಿದೆ. ಪ್ರೊವಾನ್ಸಿನ ಗೋದಲಿಯಲ್ಲಿ ಮೇರಿ, ಜೋಸೆಫ್, ಶಿಶು ಏಸು ಮಾತ್ರವಲ್ಲದೆ ಇಡೀ ಊರೇ ನೆರೆದಿರುತ್ತದೆ: ಹಿಟ್ಟಿನ ಗಿರಣಿಯವನು, ಮೀನು ಮಾರುವವಳು, ಚಾಕುವಿಗೆ ಸಾಣೆ ಹಿಡಿಯುವವನು, ತಮಟೆ ಬಾರಿಸುವವನು. ಕೊಡಲು ಏನೂ ಇಲ್ಲದೆ ಎರಡೂ ಕೈಗಳನ್ನೆತ್ತಿ ಬೆರಗಿನಿಂದ ನಿಂತ ‘ರಾವಿ’ ಎಂಬ ಮುಗ್ಧನಿಗೂ ಅಲ್ಲಿ ಸ್ಥಾನವುಂಟು. ಕುಟುಂಬಗಳು ವರ್ಷಕ್ಕೊಂದೆರಡು ಮೂರ್ತಿಗಳನ್ನು ಕೊಂಡು ಸೇರಿಸುತ್ತ ಹೋಗುತ್ತವೆ. ಹೊಸ ಮೂರ್ತಿ ಹಳೆಯದರ ಪಕ್ಕದಲ್ಲಿ ಹೊಂದಬೇಕಾದುದರಿಂದ ತಯಾರಕರು ನಿಗದಿತ ಅಳತೆಗಳನ್ನು ಪಾಲಿಸುತ್ತಾರೆ. ಏಳು ಸೆಂಟಿಮೀಟರಿನದು ಹೆಚ್ಚು ಬಳಕೆಯಲ್ಲಿರುವ ಅಳತೆ. ಒಮ್ಮೆ ಕೊಂಡವನು ಮರಳಿ ಬರುವಂತೆ ಮಾಡುವ ಗುಟ್ಟು ಇಲ್ಲಿದೆ.

ಪುರಾತನ ಮೂರ್ತಿಯ ಪರೀಕ್ಷೆ

ಹಸಿಮಣ್ಣಿನ ಹಳೆಯ ಮೂರ್ತಿಗಳಲ್ಲಿ ಅಳಿದುಹೋದವು ಅನೇಕ. ಆದಕಾರಣ ಉಳಿದವನ್ನು ಸಂಗ್ರಾಹಕರು ಅರಸುತ್ತಾರೆ. ಅಲ್ಲಿಯೇ ಮೋಸಕ್ಕೂ ಅವಕಾಶವುಂಟು. ಹಳೆಯ ಅಚ್ಚಿನಿಂದ ಇಂದೂ ಮೂರ್ತಿ ತೆಗೆಯಬಹುದಾದುದರಿಂದ ಅಚ್ಚಿನ ವಯಸ್ಸು ಮೂರ್ತಿಯ ವಯಸ್ಸಲ್ಲ. ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುವುದರಿಂದ, ಮೂರ್ತಿಯ ಮೇಲೆಯೇ ಅಚ್ಚು ತೆಗೆದು ಮಾಡಿದ ನಕಲು ಮೂಲಕ್ಕಿಂತ ಕೊಂಚ ಚಿಕ್ಕದಾಗಿ, ಗೆರೆಗಳು ಮಸುಕಾಗಿ ಕಾಣುತ್ತವೆ. ಎಲ್ಲಕ್ಕಿಂತ ಹೆಚ್ಚಿನ ಹಾನಿ ಒಡೆಯನ ಸದುದ್ದೇಶದಿಂದಲೇ ಆಗುವುದುಂಟು. ಮಾಸಿದ ಮೂರ್ತಿಯನ್ನು ತೊಳೆದರೆ ಬಣ್ಣವಷ್ಟೇ ಅಲ್ಲ, ಹಸಿಮಣ್ಣಿನದಾದರೆ ಮೂರ್ತಿಯೇ ಕೆಡುತ್ತದೆ. ಹೊಸ ಬಣ್ಣ ಬಳಿದರೆ ಪುರಾತನ ಮೌಲ್ಯ ಇಳಿಯುತ್ತದೆ. ಒಣಗಿದ ಮೃದುವಾದ ಕುಂಚದಿಂದ ಧೂಳು ತೆಗೆಯುವುದಷ್ಟೇ ಕ್ಷೇಮಕರ.

ನಮ್ಮ ಜಗಲಿಯ ಗೊಂಬೆಗಳು

ಮೈಸೂರು ಸೀಮೆಯ ದಸರಾ ಗೊಂಬೆ ಹಬ್ಬವನ್ನು ಬಲ್ಲವರಿಗೆ ಇದೆಲ್ಲವೂ ಪರಿಚಿತವೆನಿಸೀತು. ಪಟ್ಟದ ಗೊಂಬೆಗಳ ಕೆಳಗೆ ನಮ್ಮಲ್ಲಿಯೂ ಊರು ನೆರೆಯುತ್ತದೆ. ಧಾನ್ಯಗಳ ರಾಶಿಯ ಹಿಂದೆ ಕುಳಿತ ಶೆಟ್ಟಿ ದಂಪತಿಗಳ ಅಂಗಡಿಯಿಲ್ಲದ ಜಗಲಿ ವಿರಳ. ಪ್ರೊವಾನ್ಸಿನಲ್ಲಿ ಡಿಸೆಂಬರ್ 4ರಂದು ತಟ್ಟೆಯಲ್ಲಿ ಗೋಧಿ ಮೊಳಕೆಗೆ ಇಟ್ಟು ಮುಂದೆ ಗೋದಲಿಗೆ ಅಲಂಕಾರ ಮಾಡುವಂತೆ, ಇಲ್ಲಿ ಮಕ್ಕಳು ರಾಗಿ ಪೈರು ಬೆಳೆಸಿ ಗೊಂಬೆಗಳಿಗೆ ಉದ್ಯಾನ ಕಟ್ಟುತ್ತಾರೆ. ಹಿರಿಯರಿಂದ ಬಂದ ಮಣ್ಣಿನ ಗೊಂಬೆಗಳುಳ್ಳವರು ಒಂದು ಅಂಶವನ್ನು ಅರಿತಿರುವುದು ಲೇಸು. 1972ರ ಪುರಾವಸ್ತು ಹಾಗೂ ಕಲಾನಿಧಿ ಅಧಿನಿಯಮದಂತೆ ನೂರು ವರ್ಷ ಮೀರಿದ ಶಿಲ್ಪಗಳು ಪುರಾವಸ್ತುಗಳೆನಿಸುತ್ತವೆ. ಅವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ, ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ.

ಪುರಾತನ ಮೂರ್ತಿಗಳ ಸಂಖ್ಯೆ ಇನ್ನು ಬೆಳೆಯಲಾರದು; ಬೆಳೆಯಬಲ್ಲುದು ವರ್ಷಕ್ಕೊಂದು ಹೊಸ ಗೊಂಬೆ ಕೊಳ್ಳುವ ವಾಡಿಕೆ. ನಿಗದಿತ ಜಾತ್ರೆ, ನಿಗದಿತ ಅಳತೆ, ಸಾಮಾನ್ಯನಿಗೆ ಎಟುಕುವ ಬೆಲೆ ಇವು ಮೂರೂ ಕೂಡಿ ಪ್ರೊವಾನ್ಸಿನ ಕುಂಬಾರನನ್ನು ಕೈಹಿಡಿದವು. ಜಗಲಿಯ ಮೇಲೆ ಹೊಸ ಗೊಂಬೆಗೆ ಎಡೆಯಿರುವವರೆಗೆ ಅದನ್ನು ಮಾಡುವ ಕೈಗೂ ಕೆಲಸವಿರುತ್ತದೆ.